ಪ್ರಯೋಗಶಾಲೆಯ ಮೀನುಗಳ ಆರೋಗ್ಯರಕ್ಷಣೆ

ಜೀವಶಾಸ್ತ್ರದ ಸಂಶೋಧನೆಗಾಗಿ ಮೀನುಗಳನ್ನು ಸಾಕುವ ಪದ್ಧತಿಯು ಕಳೆದ ಐವತ್ತು ವರ್ಷಗಳಲ್ಲಿ ಬಹಳವಾಗಿ ಬೆಳೆದಿರುವುದು. ಮೊದಲು ಕಪ್ಪೆ, ಇಲಿ, ಮೊಲಗಳಿಗೆ ಮೀಸಲಾಗಿದ್ದ ಎಷ್ಟೋ ಪ್ರಶ್ನೆಗಳನ್ನು ಈಗ ಮೀನಿಗೆ ಕೇಳುತ್ತಿದ್ದೇವೆ. ಕೇಳುವವರು ಪ್ರಶ್ನೆಯ ವಿಷಯದಲ್ಲಿ ತೋರಿಸುವ ಎಚ್ಚರವನ್ನು ಉತ್ತರ ಹೇಳತಕ್ಕ ಪ್ರಾಣಿಯ ಕ್ಷೇಮದ ವಿಷಯದಲ್ಲಿ ಯಾವಾಗಲೂ ತೋರಿಸುವುದಿಲ್ಲ. ಮೀನಿನ ಆರೋಗ್ಯವೆಂದರೆ ತೊಟ್ಟಿ ತೊಳೆಯುವ ಆಳಿನ ಕೆಲಸವೆಂದೂ, ಮೀನು ಸತ್ತರೆ ಮತ್ತೊಂದನ್ನು ತಂದು ಬಿಟ್ಟರಾಯಿತೆಂದೂ ಎಣಿಸುವವರು ಇನ್ನೂ ಇದ್ದಾರೆ. ಸತ್ತ ಮೀನಿನಿಂದ ಆಗುವ ನಷ್ಟವು ದೊಡ್ಡದಲ್ಲ. ಅದು ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೆ ಸಿಕ್ಕುತ್ತದೆ. ರೋಗವನ್ನು ಒಳಗಿಟ್ಟುಕೊಂಡು ಬದುಕಿರುವ ಮೀನಿನಿಂದಲೇ ನಿಜವಾದ ಕೇಡು. ಅದು ಸರಿಯಿಲ್ಲದ ತಕ್ಕಡಿಯಂತೆ. ಮೇಲಾಗಿ, ತಾನು ಸರಿಯಿಲ್ಲವೆಂಬುದನ್ನು ಹೊರಗೆ ತೋರಗೊಡದ ತಕ್ಕಡಿ. ಅದರಲ್ಲಿ ಎಷ್ಟು ಸಲ ತೂಗಿದರೂ ತೂಕವು ನಿಜವಾಗದು. ಈ ಒಂದು ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ದೊಡವಾಡ, ಬೈಲಹೊಂಗಲ, ಕಿತ್ತೂರುಗಳ ಕಡೆಯಿಂದ ಧಾರವಾಡಕ್ಕೆ ಓದಲು ಹೋಗುವ ತರುಣರಲ್ಲಿ ಕೆಲವರಾದರೂ ಪ್ರಾಣಿಶಾಸ್ತ್ರವನ್ನು ಆರಿಸಿಕೊಳ್ಳುವರು. ಊರ ಕೆರೆಯ ಮೀನನ್ನೇ ಪ್ರಯೋಗಕ್ಕೆ ತರುವ ಪ್ರಸಂಗವೂ ಅವರಿಗೆ ಒದಗಬಹುದು. ಆದುದರಿಂದ ಅಂಥವರಿಗೆ ಉಪಯೋಗವಾಗುವಂತೆ ವಿಷಯವನ್ನು ಬುಡದಿಂದ ವಿವರಿಸಲಾಗಿದೆ.

ಕನ್ನಡ ನಾಡಿನಲ್ಲಿ ಮೀನಿನ ವಿಷಯದ ಕುತೂಹಲವು ಹಳೆಯದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಸಮುದ್ರದ ಮತ್ತು ಸಿಹಿನೀರಿನ ಮೀನುಗಳ ಜಾತಿಗಳು, ಅವುಗಳಿಗೆ ಹಾಕತಕ್ಕ ಆಹಾರ, ಗಾಳ ಹಿಡಿಯುವ ಕ್ರಮ ಇವೆಲ್ಲ ಅಲ್ಲಿ ಹೇಳಲ್ಪಟ್ಟಿವೆ. ಅದು ಅರಸನ ವಿನೋದಕ್ಕಾಗಿ ಹುಟ್ಟಿದ ವಿದ್ಯೆ. ಆದರೂ ಮೀನಿನ ಜಾತಿಯನ್ನರಿತು ಆಹಾರವನ್ನಿಡಬೇಕೆಂಬ ಅದರ ದೃಷ್ಟಿಯು ಇಂದಿನ ಪ್ರಯೋಗಶಾಲೆಗೂ ಸಲ್ಲುವುದು.

ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದ ಮೀನು ನಮ್ಮ ದೇಶದ್ದೇ. ಹೆಬ್ಬೆರಳಿನಷ್ಟು ಉದ್ದದ, ಮೈಮೇಲೆ ನೀಲಿಯ ಅಡ್ಡಪಟ್ಟೆಗಳುಳ್ಳ ಆ ಚಿಕ್ಕ ಮೀನಿಗೆ ಝೀಬ್ರಾ ಮೀನೆಂದು ಹೆಸರು. ೧೮೦೦ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರಗಳನ್ನು ಸುತ್ತಿ ಪ್ರವಾಸವೃತ್ತಾಂತವನ್ನು ಬರೆದ ಫ್ರಾನ್ಸಿಸ್ ಬುಕಾನನ್ನನ ಹೆಸರನ್ನು ನಮ್ಮ ಇತಿಹಾಸಾಭ್ಯಾಸಿಗಳೆಲ್ಲ ಬಲ್ಲರು. ಗಂಗಾನದಿಯ ಮೀನುಗಳ ಮೇಲೆ ೧೮೨೨ರಲ್ಲಿ ಗ್ರಂಥವನ್ನು ಪ್ರಕಟಿಸಿ ಈ ಪಟ್ಟೆಮೀನಿಗೆ ಶಾಸ್ತ್ರೀಯ ನಾಮಕರಣ ಮಾಡಿದವನೂ ಅವನೇ. ಅಷ್ಟರಲ್ಲಿ ಅವನು ಹ್ಯಾಮಿಲ್ಟನ್ ಎಂಬ ಮನೆತನದ ಹೆಸರನ್ನು ಧರಿಸಿದ್ದುದರಿಂದ ಇಬ್ಬರೂ ಒಬ್ಬನೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ನೂರೈವತ್ತು ವರ್ಷಗಳ ತರುವಾಯ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿದ್ವಾಂಸರು ಈ ಮೀನನ್ನು ಆನುವಂಶಿಕ ಶಾಸ್ತ್ರದ ಪ್ರಯೋಗಗಳಿಗೆ ತೊಡಗಿಸಿ, ೧೯೮೧ರಲ್ಲಿ ತಮ್ಮ ಮುಖ್ಯ ಲೇಖನವನ್ನು ಪ್ರಕಟಿಸಿದರು. ಇದರ ತತ್ತಿಯು ತಾಯಿಯ ಹೊಟ್ಟೆಯ ಹೊರಗೆ ಬೆಳೆಯುವುದು. ಭ್ರೂಣವು ಗಾಜಿನಂತೆ ಪಾರದರ್ಶಕವಾದುದು. ಒಂದು ಹಗಲು ಒಂದು ಇರುಳು ಕಳೆಯುವುದರೊಳಗೆ ಹೃದಯವು ಬಡಿಯತೊಡಗುವುದನ್ನು ಸೂಕ್ಷ್ಮದರ್ಶಕದ ಕೆಳಗೆ ಕಾಣಬಹುದು. ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಸಾಟಿಯಾದುವು ಈ ಮೀನಿನಲ್ಲಿ ಇವೆಯೆಂದು ೨೦೧೩ರಲ್ಲಿ ಪ್ರಕಟವಾದ ಅದರ ಜೀನೋಮಿನ ಅಧ್ಯಯನದಿಂದ ಗೊತ್ತಾಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಇದನ್ನು ಸಾಕಿ ಅಭ್ಯಸಿಸುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ೧೯೫೨ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದು ಈಗ ಕೆರೆಕಟ್ಟೆಗಳಲ್ಲೆಲ್ಲ ಹಬ್ಬಿರುವ ತಿಲಾಪಿಯಾ ಮೀನಿನ ಮೇಲೆ ಕೆಲಸವು ನಡೆದಿದೆ. ಜನರು ಜಿಲೇಬಿ ಮೀನೆಂದು ಕರೆಯುವುದು ಇದನ್ನೇ.

ಸ್ಟ್ರೈಸಿಂಗರರು ತಮ್ಮ ಮೊದಲ ಮೀನುಗಳನ್ನು ಸಾಕುಪ್ರಾಣಿಗಳ ಅಂಗಡಿಯಿಂದ ಕೊಂಡು ತಂದಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಇದು ತಮಾಷೆಯ ಮಾತಾಗಿ ತೋರಬಹುದು. ಆದರೆ ಅಂಗಡಿಯ ತೊಟ್ಟಿಯಲ್ಲಿ ಹತ್ತು ಊರಿನ ಮೀನುಗಳು ಬೆರೆತಿರುವುದರಿಂದ, ಅಲ್ಲಿಂದ ಬಂದ ಮೀನಿನೊಡನೆ ಹತ್ತು ಊರಿನ ರೋಗವೂ ಬರುವುದೆಂಬುದನ್ನು ಮರೆಯಲಾಗದು.

ಇನ್ನು ನೀರಿನ ವಿಚಾರ. ಮೀನಿನ ವೈದ್ಯದಲ್ಲಿ ಮುಕ್ಕಾಲು ಪಾಲು ನೀರಿನ ವೈದ್ಯವೇ. ನೆಲದ ಪ್ರಾಣಿಯು ಉಸಿರಾಡುವ ಗಾಳಿ ಬೇರೆ, ಕುಡಿಯುವ ನೀರು ಬೇರೆ, ಮಲಮೂತ್ರ ಬಿಡುವ ಸ್ಥಳ ಬೇರೆ; ಮೀನಿಗೆ ಈ ಮೂರೂ ಒಂದೇ. ಮೀನು ತನ್ನ ದೇಹದ ಸಾರಜನಕದ ಕಲ್ಮಷವನ್ನು ಬಹುಮಟ್ಟಿಗೆ ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ಹೊರಗೆ ಬಿಡುವುದು. ಹೊಳೆಯಲ್ಲಿ ಅದು ಹರಿದುಹೋಗುವುದು. ಗಾಜಿನ ತೊಟ್ಟಿಯಲ್ಲಿ ಉಳಿದುಕೊಳ್ಳುವುದು. ಉಳಿದ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವುಳ್ಳ ರೂಪವು ಹೆಚ್ಚು ಅಪಾಯಕರವಲ್ಲ. ವಿದ್ಯುದಂಶವಿಲ್ಲದ ರೂಪವು ಕಿವಿರಿನೊಳಕ್ಕೆ ಸುಲಭವಾಗಿ ನುಗ್ಗುವ ವಿಷ. ಯಾವುದು ಎಷ್ಟಿರಬೇಕೆಂಬುದನ್ನು ನೀರಿನ ಆಮ್ಲಕ್ಷಾರ ಗುಣವು ನಿರ್ಣಯಿಸುವುದು. ಆ ಗುಣವನ್ನು ಪಿ.ಎಚ್. ಎಂಬ ಅಂಕೆಯಿಂದ ಹೇಳುವರು. ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಪಿ.ಎಚ್. ೭ ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ೮ ಇದ್ದರೆ ಐದಕ್ಕಿಂತ ತುಸು ಹೆಚ್ಚು. ೯ ಇದ್ದರೆ ಸುಮಾರು ಮೂವತ್ತಾರು. ಅಂದರೆ, ಒಟ್ಟು ಅಮೋನಿಯಾವು ಇದ್ದಷ್ಟೇ ಇದ್ದರೂ ನೀರು ಕ್ಷಾರದ ಕಡೆಗೆ ತಿರುಗಿದ ಮಾತ್ರಕ್ಕೆ ನಿನ್ನೆ ಬದುಕಿದ್ದ ಮೀನು ಇಂದು ಸಾಯಬಹುದು.

ನಮ್ಮ ಸೀಮೆಯವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಎರೆನೆಲದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು, ಕ್ಷಾರಯುಕ್ತ. ಗಡಸುತನದಿಂದ ಲಾಭವೂ ಉಂಟು: ಅಂಥ ನೀರಿನ ಪಿ.ಎಚ್. ಥಟ್ಟನೆ ಏರಿಳಿಯುವುದಿಲ್ಲ. ಆದರೆ ಕ್ಷಾರವಾಗಿಯೇ ನಿಂತ ನೀರಿನಲ್ಲಿ ಸ್ವಲ್ಪ ಅಮೋನಿಯಾವೂ ಬಹಳ ಕೆಡುಕು ಮಾಡುವುದೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿ ಧಾರವಾಡಗಳ ನಳದಲ್ಲಿ ಬರುವ ಮಲಪ್ರಭೆಯ ನೀರು ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯದ್ದು. ಅದರ ತೊಂದರೆಯು ಬೇರೆ ಬಗೆಯದು. ಜನರ ಆರೋಗ್ಯಕ್ಕಾಗಿ ಅದರಲ್ಲಿ ಬೆರೆಸಿದ ಕ್ಲೋರಿನ್ ಮೀನಿನ ಕಿವಿರನ್ನು ಸುಡುವುದು. ಆದುದರಿಂದ ನಳದ ನೀರನ್ನು ಗಾಳಿಯಾಡಿಸುತ್ತ ಒಂದು ದಿನ ಇಟ್ಟು, ಅಥವಾ ಸೋಡಿಯಂ ಥಯೋಸಲ್ಫೇಟ್ ಬೆರೆಸಿ, ಆಮೇಲೆ ಉಪಯೋಗಿಸತಕ್ಕದ್ದು.

ಅಮೋನಿಯಾವನ್ನು ತೊಟ್ಟಿಯಿಂದ ತೆಗೆಯುವವರು ಯಾರು? ಕಣ್ಣಿಗೆ ಕಾಣದ ಜೀವಾಣುಗಳು. ರಷ್ಯದ ವಿನೋಗ್ರಾಡ್‌ಸ್ಕಿ ಎಂಬ ಶಾಸ್ತ್ರಜ್ಞನು ೧೮೯೦ರ ಸುಮಾರಿಗೆ ಮಣ್ಣಿನಿಂದ ಇವುಗಳನ್ನು ಬೇರ್ಪಡಿಸಿ ತೋರಿಸಿದನು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟಾಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುವುವು. ಹೊಲದಲ್ಲಿ ಗೊಬ್ಬರವನ್ನು ಬೆಳೆಗೆ ಒದಗಿಸುವ ಕ್ರಿಯೆಯೂ ಇದೇ. ತೊಟ್ಟಿಯ ಸೋಸುಪಾತ್ರದಲ್ಲಿ ತುಂಬಿದ ಹರಳು, ಸ್ಪಂಜುಗಳ ಮೈಮೇಲೆ ಈ ಜೀವಾಣುಗಳು ನೆಲೆಸಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೇರೂರಲು ನಾಲ್ಕರಿಂದ ಆರು ವಾರಗಳು ಬೇಕು. ಆ ಅವಧಿ ಮುಗಿಯುವ ಮೊದಲೇ ಮೀನುಗಳನ್ನು ತುಂಬಿದರೆ ಮೊದಲು ಅಮೋನಿಯಾವೂ ಆಮೇಲೆ ನೈಟ್ರೈಟೂ ಏರುತ್ತವೆ. ನೈಟ್ರೈಟು ರಕ್ತದ ಕೆಂಪುದ್ರವ್ಯವನ್ನು ಕೆಡಿಸಿ ಅದಕ್ಕೆ ಆಮ್ಲಜನಕವನ್ನು ಹೊರುವ ಶಕ್ತಿಯಿಲ್ಲದಂತೆ ಮಾಡುವುದು; ಅಂಥ ಮೀನಿನ ರಕ್ತವು ಕಂದುಬಣ್ಣಕ್ಕೆ ತಿರುಗಿರುತ್ತದೆ. ತೊಟ್ಟಿಗೆ ತುಸು ಅಡಿಗೆಯ ಉಪ್ಪನ್ನು ಹಾಕಿದರೆ ಅದರ ಕ್ಲೋರೈಡು ನೈಟ್ರೈಟನ್ನು ಕಿವಿರಿನ ಬಾಗಿಲಲ್ಲಿಯೇ ತಡೆಯುವುದು. ಸೋಸುಪಾತ್ರವನ್ನು ಕ್ಲೋರಿನ್ ಇರುವ ನಳದ ನೀರಿನಿಂದ ಉಜ್ಜಿ ತೊಳೆದು ‘ಸ್ವಚ್ಛ’ಗೊಳಿಸುವ ಉತ್ಸಾಹಿಗಳು ಆ ಜೀವಾಣುಗಳನ್ನೆಲ್ಲ ಕೊಂದು, ಹಳೆಯ ತೊಟ್ಟಿಯನ್ನು ಹೊಸ ತೊಟ್ಟಿಯನ್ನಾಗಿ ಮಾಡಿಬಿಡುವರು. ಕೆಲವು ಕಡೆ ಅತಿ ಶುಚಿಯಾದ ಕೋಣೆಯಲ್ಲಿಯೇ ಮೀನುಗಳು ಹೆಚ್ಚು ಸಾಯುವುದಕ್ಕೆ ಕಾರಣವಿದು.

ಆಮ್ಲಜನಕದ ವಿಷಯವು ಸರಳ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕವು ಕಡಿಮೆ ಕರಗುವುದು: ೨೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ, ೩೦ ಡಿಗ್ರಿಯಲ್ಲಿ ಏಳೂವರೆ. ಮೀನಿಗಾದರೋ ಬಿಸಿ ಏರಿದಷ್ಟೂ ಉಸಿರು ಹೆಚ್ಚು ಬೇಕು. ಬೇಸಗೆಯ ಮಧ್ಯಾಹ್ನ ವಿದ್ಯುತ್ತು ನಿಂತು ಗಾಳಿಯ ಪಂಪು ಮೌನವಾದಾಗ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುವುದು ಇದರಿಂದಲೇ. ಬ್ಯಾಟರಿಯಿಂದ ನಡೆಯುವ ಪಂಪೊಂದು ಬೆಲೆಬಾಳುವ ಎಷ್ಟೋ ಉಪಕರಣಗಳಿಗಿಂತ ಮುಖ್ಯವಾದುದು.

ನೀರು ಸರಿಯಿದ್ದರೂ ರೋಗಗಳು ಬಾರದಿರುವುದಿಲ್ಲ. ಕಣ್ಣಿಗೆ ಕಾಣುವ ರೋಗಗಳಲ್ಲಿ ಬಿಳಿಚುಕ್ಕೆಯ ರೋಗವು ಸರ್ವಸಾಮಾನ್ಯವಾದುದು. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ತೋರುವುದು. ಇದನ್ನುಂಟುಮಾಡುವ ಏಕಕೋಶ ಜೀವಿಯನ್ನು ೧೮೭೬ರಲ್ಲಿ ಫ್ರೆಂಚ್ ಶಾಸ್ತ್ರಜ್ಞ ಫೂಕೆ ವರ್ಣಿಸಿದನು. ಅದು ಚರ್ಮದ ಮೇಲ್ಪದರಿನ ಕೆಳಗೆ ಅವಿತುಕೊಂಡು ಬೆಳೆದು, ಉದುರಿ ತೊಟ್ಟಿಯ ತಳ ಸೇರಿ, ಅಲ್ಲಿ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುವುದು. ಆ ಮರಿಗಳು ಈಜುತ್ತ ಹೊಸ ಮೀನನ್ನು ಹುಡುಕುವುವು. ಔಷಧವು ಈಜುವ ಮರಿಗಳನ್ನು ಮಾತ್ರ ಕೊಲ್ಲಬಲ್ಲದು. ಆದಕಾರಣ ಒಂದು ಸಲ ಔಷಧ ಹಾಕಿ ಚುಕ್ಕೆಗಳು ಮಾಯವಾದುವೆಂದು ಸುಮ್ಮನಾದರೆ ರೋಗವು ಮರುಕಳಿಸುವುದು; ಜೀವಚಕ್ರವು ಪೂರ್ಣವಾಗುವವರೆಗೆ ಮತ್ತೆ ಮತ್ತೆ ಹಾಕಬೇಕು. ಬೆಚ್ಚನೆಯ ನೀರಿನಲ್ಲಿ ಈ ಚಕ್ರವು ಒಂದು ವಾರದೊಳಗೆ ಮುಗಿಯುವುದು. ತಣ್ಣೀರಿನಲ್ಲಿ ಹಲವು ವಾರ ಹಿಡಿಯುವುದು. ಕೆರೆಯಿಂದ ಮೀನು ತರುವವರು ಹುಣ್ಣುರೋಗದ ಹೆದರಿಕೆಯನ್ನೂ ಮರೆಯಬಾರದು. ೧೯೮೮ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ಮುಂದೆ ದೇಶದ ಇತರ ಕಡೆಗಳಿಗೆ ಹಬ್ಬಿದ ಈ ರೋಗವು ಬೂಷ್ಟಿನಂಥ ಒಂದು ಜೀವಿಯಿಂದ ಬರುವುದು. ಮೈಯ ಮಾಂಸವನ್ನೇ ಕೊರೆದು ಹುಣ್ಣಾಗಿಸುವುದು.

ಇವೆಲ್ಲ ಕಣ್ಣಿಗೆ ಕಾಣುವುವು. ಸಂಶೋಧಕನಿಗೆ ಹೆಚ್ಚಿನ ಕಂಟಕವು ಕಾಣದಿರುವ ರೋಗಗಳಿಂದ. ಝೀಬ್ರಾ ಮೀನಿನ ಪ್ರಯೋಗಶಾಲೆಗಳಲ್ಲಿ ಬಹಳ ಹೆಚ್ಚಾಗಿ ಕಂಡುಬರುವ ಪರೋಪಜೀವಿಗಳಲ್ಲಿ ಒಂದಕ್ಕೆ ಸ್ಯೂಡೊಲೋಮಾ ನ್ಯೂರೊಫಿಲಿಯಾ ಎಂದು ೨೦೦೧ರಲ್ಲಿ ಹೆಸರಿಡಲಾಯಿತು. ಹೆಸರೇ ಹೇಳುವಂತೆ ಅದಕ್ಕೆ ನರಮಂಡಲವು ಪ್ರಿಯವಾದ ಸ್ಥಾನ. ಮೀನಿನ ಹಿಂಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಅದು ಗೂಡುಕಟ್ಟುವುದು. ಕೆಲವು ಮೀನುಗಳು ಸೊರಗುತ್ತವೆ, ಕೆಲವುಗಳ ಬೆನ್ನು ಡೊಂಕಾಗುವುದು. ಬಹುಪಾಲು ಮೀನುಗಳು ಉಣ್ಣುತ್ತ, ಈಜುತ್ತ, ತತ್ತಿಯಿಡುತ್ತ ಆರೋಗ್ಯವಾಗಿಯೇ ಇರುವಂತೆ ತೋರುವುವು. ಈಗ ಒಬ್ಬ ಸಂಶೋಧಕನು ಅಂಜಿಕೆಯನ್ನು ಕುರಿತು ಪ್ರಯೋಗ ಮಾಡುತ್ತಿರುವನೆಂದು ಭಾವಿಸೋಣ. ಅಂಜಿದ ಮೀನುಗಳು ಒತ್ತೊತ್ತಾಗಿ ಗುಂಪುಗೂಡುವುದು ಸ್ವಭಾವ. ಆದುದರಿಂದ ಮೀನುಮೀನುಗಳ ನಡುವಣ ಅಂತರವನ್ನು ಅಳೆದು ಅಂಜಿಕೆಯನ್ನು ಅಳೆಯುವ ಪದ್ಧತಿಯುಂಟು. ಆದರೆ ಈ ಪರೋಪಜೀವಿ ತಗಲಿದ ಮೀನುಗಳೂ ಹಾಗೆಯೇ ಒತ್ತೊತ್ತಾಗಿ ಈಜುವುದನ್ನು ಪರೀಕ್ಷೆಗಳು ತೋರಿಸಿಕೊಟ್ಟಿವೆ. ಹೀಗಿರಲು ಸಂಶೋಧಕನು ಅಳೆದುದು ಅಂಜಿಕೆಯನ್ನೋ ರೋಗವನ್ನೋ? ಲೆಕ್ಕಶಾಸ್ತ್ರದ ಯಾವ ಜಾಣತನವೂ ಇದನ್ನು ಬಿಡಿಸಿ ಹೇಳಲಾರದು.

ಎರಡನೆಯ ಉದಾಹರಣೆಯು ಇನ್ನೂ ಗಂಭೀರವಾದುದು. ಝೀಬ್ರಾ ಮೀನಿನ ಕರುಳಿನಲ್ಲಿ ಕೂದಲೆಳೆಯಂಥ ಒಂದು ಹುಳು ಸೇರಿಕೊಳ್ಳುವುದುಂಟು. ಕ್ಯಾನ್ಸರ್ ತರುವ ರಾಸಾಯನಿಕವೊಂದನ್ನು ಮೀನುಗಳಿಗೆ ಕೊಟ್ಟು ನೋಡಿದಾಗ, ಹುಳುವಿದ್ದ ಮೀನುಗಳ ಕರುಳಿನಲ್ಲಿ ಗಡ್ಡೆಗಳು ಹೆಚ್ಚಾಗಿ ಎದ್ದುವೆಂದು ಆರೆಗಾನಿನ ಸಂಶೋಧಕರು ೨೦೦೨ರಲ್ಲಿ ತಿಳಿಸಿದರು. ಹುಳುವಿನ ಸುಳಿವಿಲ್ಲದೆ ಅದೇ ಪ್ರಯೋಗವನ್ನು ಓದಿದವನು ರಾಸಾಯನಿಕದ ಶಕ್ತಿಯನ್ನು ತಪ್ಪಾಗಿ ಅಂದಾಜುಮಾಡುವನು. ಅಂಥ ಅಂದಾಜಿನ ಮೇಲೆಯೇ ಮನುಷ್ಯರು ಬಳಸುವ ಔಷಧ, ಕೀಟನಾಶಕಗಳ ವಿಷಯದ ನಿರ್ಣಯಗಳು ನಿಂತಿರುತ್ತವೆಂಬುದನ್ನು ನೆನೆದರೆ ತೊಟ್ಟಿಯ ಹುಳುವಿನ ಮಹತ್ವವು ಮನವರಿಕೆಯಾದೀತು.

ರೋಗವಿಲ್ಲದೆಯೂ ಮೀನಿನ ಉತ್ತರವು ಕೆಡಬಹುದು. ಈ ವಿಷಯದಲ್ಲಿ ಧಾರವಾಡದಲ್ಲಿಯೇ ನಡೆದ ಕೆಲಸವು ಸ್ಮರಣೀಯವಾದುದು. ಹೆಣ್ಣು ತಿಲಾಪಿಯಾಗಳನ್ನು ದಿನವೂ ಬಲೆಯಿಂದ ಹಿಡಿಯುವುದು, ಬೆನ್ನಟ್ಟುವುದು ಮೊದಲಾದ, ಮೀನು ಸಾಕುವಲ್ಲಿ ನಿತ್ಯವೂ ನಡೆಯುವಂಥ ಕಾಟಗಳಿಗೆ ಒಳಪಡಿಸಿದಾಗ ಅವುಗಳ ಅಂಡಾಶಯದಲ್ಲಿ ತತ್ತಿಗಳು ಬಲಿಯುವುದು ಕುಂಠಿತವಾಗಿ, ತತ್ತಿಯಿಡುವ ಸರದಿಯೇ ತಪ್ಪಿತೆಂದು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ೨೦೧೨ರಲ್ಲಿ ಪ್ರಕಟಿಸಿದರು. ಮೀನಿಗೂ ನಮ್ಮಂತೆಯೇ ಕಾರ್ಟಿಸಾಲ್ ಎಂಬ ಸ್ರಾವವುಂಟು. ಕಾಟವು ಬಹುದಿನ ನಡೆದರೆ ಆ ಸ್ರಾವವು ಏರಿ, ಸಂತಾನಶಕ್ತಿಯೂ ರೋಗವನ್ನು ತಡೆಯುವ ಶಕ್ತಿಯೂ ಕುಗ್ಗುವುವು. ಆದಕಾರಣ ಬಲೆಯನ್ನು ಒರಟಾಗಿ ಬೀಸುವ ಕೈ, ಕಿಕ್ಕಿರಿದ ತೊಟ್ಟಿ, ರಾತ್ರಿ ಥಟ್ಟನೆ ಹಾಕಿದ ದೀಪ ಇವೂ ರೋಗಕಾರಣಗಳೇ. ಝೀಬ್ರಾ ಮೀನುಗಳಿಗೆ ೧೪ ಗಂಟೆ ಬೆಳಕು, ೧೦ ಗಂಟೆ ಕತ್ತಲೆ ಎಂಬ ನಿಯಮವನ್ನು ಎಲ್ಲ ಕಡೆಯೂ ಪಾಲಿಸುವರು. ಉಷ್ಣತೆಯನ್ನು ೨೮ ಡಿಗ್ರಿಯ ಆಸುಪಾಸಿನಲ್ಲಿ ಕಾಯುವರು. ಮೀನನ್ನು ಮುಟ್ಟುವ ಮೊದಲು ಕೈಯನ್ನು ಒದ್ದೆಮಾಡಿಕೊಳ್ಳಬೇಕು. ಒಣಕೈಯು ಅದರ ಮೈಮೇಲಿನ ಲೋಳೆಯನ್ನು ಒರೆಸಿಬಿಡುವುದು. ಆ ಲೋಳೆಯೇ ಅದರ ಮೊದಲನೆಯ ಕವಚ.

ಕಾಣದ ರೋಗವನ್ನು ತಡೆಯುವ ಉಪಾಯವಾವುದು? ಹೊಸದಾಗಿ ಬಂದ ಮೀನನ್ನು ಕಡಮೆಯೆಂದರೆ ಒಂದು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ನೀರಿನಲ್ಲಿ, ಬೇರೆ ಬಲೆ ಬಕೀಟುಗಳೊಡನೆ ಇಟ್ಟು ನೋಡುವುದು ಮೊದಲನೆಯದು. ಇದಕ್ಕಿಂತ ಉತ್ತಮ ಪದ್ಧತಿಯೆಂದರೆ ಹೊರಗಿನ ಮೀನನ್ನು ಮುಖ್ಯ ಕೋಣೆಗೆ ಎಂದಿಗೂ ಸೇರಿಸದೆ, ಅದರ ತತ್ತಿಗಳನ್ನು ಮಾತ್ರ ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು ಒಳಗೆ ತರುವುದು. ಇದರಿಂದ ತತ್ತಿಯ ಮೇಲ್ಮೈಗೆ ಅಂಟಿದ ಬಹಳಷ್ಟು ರೋಗಾಣುಗಳು ಹೋಗುವುವು. ಆದರೆ ಮೇಲೆ ಹೇಳಿದ ನರಪ್ರಿಯ ಪರೋಪಜೀವಿಯು ಇಲ್ಲಿಯೂ ವಂಚಿಸುವುದು. ಅದರ ಬೀಜಾಣುಗಳು ತತ್ತಿಗೆ ಹಾನಿಯಾಗದಷ್ಟು ಬ್ಲೀಚಿಂಗನ್ನು ತಾಳಿಕೊಳ್ಳುವುವು. ಕೆಲವು ಸಲ ತತ್ತಿಯ ಒಳಗೇ ಇರುವುವು. ಆದುದರಿಂದ ತಾಯಿತಂದೆ ಮೀನುಗಳನ್ನೇ ಪರೀಕ್ಷಿಸಿ, ರೋಗವಿಲ್ಲದ ಜೋಡಿಗಳ ಸಂತತಿಯನ್ನು ಮಾತ್ರ ಬೆಳೆಸುವ ಕಷ್ಟವನ್ನು ಕೆಲವು ಪ್ರಯೋಗಶಾಲೆಗಳು ವಹಿಸಿವೆ.

ಇನ್ನೊಂದು ಉಪಾಯವು ಕಾವಲು ಮೀನುಗಳದು. ಎಲ್ಲ ತೊಟ್ಟಿಗಳ ನೀರು ಬಂದು ಸೇರುವ ಜಾಗದಲ್ಲಿ, ಸೋಸುವುದಕ್ಕೆ ಮೊದಲು, ಆರೋಗ್ಯವಂತವಾದ ಕೆಲವು ಮೀನುಗಳನ್ನು ಇರಿಸುವರು. ಇಡೀ ಕೋಣೆಯ ಕಲ್ಮಷವೆಲ್ಲ ಅವುಗಳ ಕಿವಿರಿನ ಮೂಲಕ ಹಾಯುವುದು. ಕೆಲವು ತಿಂಗಳಿಗೊಮ್ಮೆ ಅವುಗಳನ್ನು ನೋವಿಲ್ಲದೆ ಕೊಂದು, ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಣೆಯಲ್ಲಿ ಯಾವ ರೋಗವು ಸುಳಿದಾಡುತ್ತಿದೆಯೆಂಬುದು ತಿಳಿಯುವುದು. ಆಹಾರದ ಮೇಲೂ ಕಣ್ಣಿಡಬೇಕು. ಚರಂಡಿಯ ಕೆಸರಿನಲ್ಲಿ ಬೆಳೆಯುವ ಟ್ಯೂಬಿಫೆಕ್ಸ್ ಹುಳುಗಳನ್ನು ಮೀನುಗಳು ಬಹಳ ಪ್ರೀತಿಯಿಂದ ತಿನ್ನುವುವು, ಬೆಲೆಯೂ ಅಗ್ಗ. ಆದರೆ ರೋಗವನ್ನು ಮನೆಗೆ ಕರೆದು ತರುವ ದಾರಿ ಅದು. ಉಪ್ಪುನೀರಿನ ಆರ್ಟೀಮಿಯಾ ಸೀಗಡಿಯ ತತ್ತಿಗಳನ್ನು ಪ್ರಯೋಗಶಾಲೆಯಲ್ಲಿಯೇ ಒಡೆಯಿಸಿ ಹಾಕುವುದು ಮೇಲು.

ರೋಗವು ಕಂಡ ಮೇಲೆ ಚಿಕಿತ್ಸೆಯ ಪ್ರಶ್ನೆ ಏಳುವುದು. ಸಾಕುವವನ ದೃಷ್ಟಿಗೂ ಸಂಶೋಧಕನ ದೃಷ್ಟಿಗೂ ಇಲ್ಲಿ ಭೇದವುಂಟು. ಮೀನು ಬೆಳೆಸಿ ಮಾರುವವನಿಗೆ ಔಷಧ ಹಾಕಿ ಮೀನು ಬದುಕಿದರೆ ಸಾಕು. ಸಂಶೋಧಕನಿಗೆ ಔಷಧ ತಿಂದ ಮೀನು ಮೊದಲಿನ ಮೀನಲ್ಲ. ಔಷಧವೂ ಪ್ರಯೋಗದಲ್ಲಿ ಕೈಹಾಕಿದಂತಾಯಿತು. ಹೀಗಾಗಿ ಎಷ್ಟೋ ಸಲ ರೋಗ ಹೊಕ್ಕ ತೊಟ್ಟಿಯ ಮೀನುಗಳನ್ನೆಲ್ಲ ಕೊನೆಗಾಣಿಸಿ ತೊಟ್ಟಿಯನ್ನು ಶುದ್ಧಿಮಾಡುವುದೇ ನಿರ್ವಾಹವಾಗುವುದು. ಮೊದಲಿನ ಒಂದು ತಿಂಗಳ ತಾಳ್ಮೆಯು ಎಷ್ಟು ಜೀವಗಳನ್ನು ಉಳಿಸುವುದೆಂಬುದು ಇಲ್ಲಿ ಗೊತ್ತಾಗುತ್ತದೆ. ಕೊಲ್ಲುವುದು ಅನಿವಾರ್ಯವಾದಾಗ ಮದ್ದಿನಿಂದ ಪ್ರಜ್ಞೆ ತಪ್ಪಿಸಿಯೇ ಕೊಲ್ಲತಕ್ಕದ್ದು. ಅದಕ್ಕೆ ಟ್ರೈಕೇನ್ ಎಂಬ ದ್ರವ್ಯವು ರೂಢಿಯಲ್ಲಿದೆ. ಅದು ನೀರನ್ನು ಆಮ್ಲಗೊಳಿಸುವುದರಿಂದ ಸೋಡಾ ಬೆರೆಸಿ ಸರಿಪಡಿಸಿಕೊಳ್ಳಬೇಕು. ಲವಂಗದ ಎಣ್ಣೆಯೂ ಮೀನಿಗೆ ಮಂಪರು ತರುವುದು. ಪ್ರಾಣಿಹಿಂಸಾ ನಿವಾರಣೆಯ ೧೯೬೦ರ ಕಾಯಿದೆ, ಪ್ರಾಣಿಪ್ರಯೋಗಗಳನ್ನು ಕುರಿತ ೧೯೯೮ರ ನಿಯಮಗಳು ಮೊದಲೇ ಇದ್ದವು. ೨೦೧೧ರಿಂದೀಚಿನ ದಶಕದಲ್ಲಿ ಮೀನಿನ ಪ್ರಯೋಗಗಳು ಬಹಳ ಹೆಚ್ಚಿದ ಮೇಲೆ, ೨೦೨೧ರಲ್ಲಿ ಮೀನುಗಳಿಗಾಗಿಯೇ ಪ್ರತ್ಯೇಕವಾದ ಮಾರ್ಗಸೂಚಿಯು ಭಾರತದಲ್ಲಿ ಹೊರಬಂದಿದೆ.

ಈ ಎಲ್ಲಕ್ಕೂ ಆಧಾರವಾದುದು ದಿನವಹಿ. ಪ್ರತಿದಿನ ಬೆಳಗ್ಗೆ ನೀರಿನ ಉಷ್ಣತೆ, ಪಿ.ಎಚ್., ವಾರಕ್ಕೊಮ್ಮೆಯಾದರೂ ಅಮೋನಿಯಾ ನೈಟ್ರೈಟುಗಳು, ಸತ್ತ ಮೀನಿನ ಸಂಖ್ಯೆ, ಮೂಲೆಗೆ ಸೇರಿ ನಿಂತವು, ಆಹಾರ ಬಿಟ್ಟವು, ಕಿವಿರನ್ನು ಬೇಗಬೇಗ ಆಡಿಸುವುವು ಎಷ್ಟೆಂಬುದನ್ನು ಬರೆದಿಡತಕ್ಕದ್ದು. ನಮ್ಮಲ್ಲಿ ಪ್ರಕಟವಾಗುವ ಲೇಖನಗಳಲ್ಲಿ ಮೀನಿನ ಉದ್ದ, ತೂಕಗಳನ್ನು ದಶಾಂಶದವರೆಗೆ ಕೊಟ್ಟು, ಅದು ಎಲ್ಲಿಂದ ಬಂತು, ಎಷ್ಟು ದಿನ ಪ್ರತ್ಯೇಕವಾಗಿತ್ತು, ಯಾವ ರೋಗಗಳಿಗಾಗಿ ಪರೀಕ್ಷಿಸಲಾಯಿತು ಎಂಬುದನ್ನು ಒಂದು ಸಾಲಿನಲ್ಲಿಯೂ ಹೇಳದೆ ಬಿಡುವುದುಂಟು. ಇದನ್ನು ಸಂಪಾದಕರು ಕೇಳಿ ಬರೆಯಿಸಬೇಕೆಂದು ನಮ್ಮ ಅಭಿಪ್ರಾಯ.

ಕೊನೆಯದಾಗಿ ತೊಟ್ಟಿಯಲ್ಲಿ ಕೈಯಿಡುವವರ ಸ್ವಂತ ರಕ್ಷಣೆಯ ಮಾತು. ಮೀನುಗಳಿಗೆ ಕ್ಷಯದಂಥ ರೋಗವನ್ನು ತರುವ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಜೀವಾಣುವನ್ನು ಅರಾನ್ಸನ್ ಎಂಬಾತನು ಫಿಲಡೆಲ್ಫಿಯಾದ ಮತ್ಸ್ಯಾಲಯದ ಮೀನುಗಳಲ್ಲಿ ಕಂಡು ೧೯೨೬ರಲ್ಲಿ ವರ್ಣಿಸಿದನು. ಅದು ಕೈಯ ಗಾಯದ ಮೂಲಕ ಮನುಷ್ಯನಿಗೂ ತಗಲುವುದು. ೩೦ ಡಿಗ್ರಿಯ ಸುತ್ತಮುತ್ತ ಚೆನ್ನಾಗಿ ಬೆಳೆಯುವ ಅದಕ್ಕೆ ದೇಹದ ಒಳಗಿನ ಬಿಸಿ ಒಗ್ಗದಿರುವುದರಿಂದ ಸಾಮಾನ್ಯವಾಗಿ ಬೆರಳು, ಮುಂಗೈಗಳಲ್ಲಿಯೇ ಗಂಟಾಗಿ ಹುಣ್ಣಾಗಿ ನಿಲ್ಲುವುದು, ತಿಂಗಳುಗಟ್ಟಲೆ ಮಾಯುವುದಿಲ್ಲ. ಕೈಗೆ ಗಾಯವಿದ್ದರೆ ರಬ್ಬರಿನ ಕೈಗವಸು ಧರಿಸಬೇಕು. ಹುಣ್ಣಾದರೆ ವೈದ್ಯರ ಬಳಿಗೆ ಹೋದಾಗ ತಾನು ಮೀನಿನ ತೊಟ್ಟಿಗಳಲ್ಲಿ ಕೆಲಸ ಮಾಡುವವನೆಂದು ಮೊದಲೇ ತಿಳಿಸಬೇಕು. ವೈದ್ಯರು ಕೇಳದಿದ್ದರೂ ತಿಳಿಸಬೇಕು.